ಬೇರೆಯವರು ಬೇರೆಯಾಗಿಯೇ ನಮ್ಮವರು



ದತ್ತಿದಾನಿಗಳ ಆಶಯದಂತೆ ಈ ವರ್ಷದ ದತ್ತಿ ಉಪನ್ಯಾಸದ ವಿಷಯ ‘ಮನುಷ್ಯರ ಭಿನ್ನತೆ: ಒಂದು ಅಧ್ಯಾತ್ಮದ ನೋಟ’. ಈ ವಿಷಯ ಕೇಳಿದೊಡನೆ ನಮ್ಮ ಬಾಯಿಗೆ ಬರುವ ಮಾತು ‘ಎಲ್ಲರೂ ಒಂದೇ’. ಸಭೆಗಳಲ್ಲಿ ಹೇಳುತ್ತೇವೆ, ಶಾಲೆಯ ಗೋಡೆಗಳ ಮೇಲೆ ಬರೆಸುತ್ತೇವೆ. ಮಾತು ನಿಜವೇ. ಆದರೆ ಅದನ್ನು ಹೇಳಿ ಎದ್ದುಹೋಗುವುದು ತೀರಾ ಸುಲಭ. ಎದುರಿಗಿರುವವರ ಜಾತಿ, ಧರ್ಮ, ಮನೆಮಾತು, ಊಟ, ಉಡುಪು, ದೇಹ ನಮ್ಮಂತಿಲ್ಲ. ಅವರ ಬದುಕಿನಲ್ಲಿ ನಮಗೆ ಗೊತ್ತಿಲ್ಲದ ನೋವುಗಳಿವೆ, ನಮಗೆ ದಕ್ಕದ ಸಂತೋಷಗಳಿವೆ. ‘ಎಲ್ಲರೂ ಒಂದೇ’ ಎಂದುಬಿಟ್ಟರೆ ಅವನ್ನೆಲ್ಲ ನೋಡುವ ಗೋಜೇ ಉಳಿಯುವುದಿಲ್ಲ. ಎಷ್ಟೋ ಸಲ ಆ ಮಾತಿನ ಒಳಗೆ ‘ಎಲ್ಲರೂ ನನ್ನ ಹಾಗೆ ಆಗಲಿ’ ಎಂಬ ಬಯಕೆಯೇ ಅಡಗಿ ಕುಳಿತಿರುತ್ತದೆ.

ನಾನು ಇಂದು ಹೇಳಬೇಕೆಂದಿರುವುದು ಇಷ್ಟು. ಬೇರೆಯವರನ್ನು ಬೇರೆಯವರಾಗಿಯೇ ಒಪ್ಪಿಕೊಳ್ಳಬೇಕು. ಆ ಬೇರೆತನದ ಮೇಲೆ ನಾವು ಕಟ್ಟಿರುವ ಮೇಲುಕೀಳನ್ನು ಎಳ್ಳಷ್ಟೂ ಒಪ್ಪಬಾರದು. ಈ ಎರಡೂ ಸೇರಿದಾಗಲೇ ಅದು ಸಾಧನೆ ಎನಿಸಿಕೊಳ್ಳುತ್ತದೆ. ಮೊದಲನೆಯದನ್ನು ಬಿಟ್ಟರೆ ನಮ್ಮ ಸಮಾನತೆ ಇತರರನ್ನು ನುಂಗುತ್ತದೆ. ಎರಡನೆಯದನ್ನು ಬಿಟ್ಟರೆ ನಮ್ಮ ಸಹನೆ ಅನ್ಯಾಯದ ಕಾವಲಿಗೆ ನಿಲ್ಲುತ್ತದೆ.

ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಇದೇ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗದವರು ಈ ಸಭೆಯಲ್ಲಿ ಯಾರೂ ಇರಲಾರರು. ಗರ್ಭಗುಡಿಯಲ್ಲಿರುವುದು ಒಂದೇ ಶಿಲೆ. ಅದರಲ್ಲಿ ಪೂರ್ವಕ್ಕೆ ಮುಖಮಾಡಿದ ಏಳು ಹೆಡೆಯ ಸುಬ್ರಹ್ಮಣ್ಯ. ಅದೇ ಶಿಲೆಯ ಹಿಂಬದಿಯಲ್ಲಿ ಪಶ್ಚಿಮಕ್ಕೆ ಮುಖಮಾಡಿದ ನರಸಿಂಹ. ಎದುರಿಗೆ ನಿಂತವರಿಗೆ ಒಂದು ಮುಖವಷ್ಟೇ ನೇರವಾಗಿ ಕಾಣುತ್ತದೆ. ಇನ್ನೊಂದರ ದರ್ಶನವಾಗಲೆಂದು ಹಿಂದುಗಡೆ ಕನ್ನಡಿ ಇಟ್ಟಿದ್ದಾರೆ. ಭಕ್ತರು ಕೈಮುಗಿದು, ಕತ್ತು ಸ್ವಲ್ಪ ಚಾಚಿ, ಅರ್ಚಕರು ಎತ್ತಿದ ಮಂಗಳಾರತಿಯ ಬೆಳಕಿನಲ್ಲಿ ಕನ್ನಡಿಯೊಳಗೆ ನರಸಿಂಹನನ್ನು ಹುಡುಕುತ್ತಾರೆ. ‘ಕಾಣಿಸ್ತಾ?’ ಎಂದು ಹಿಂದಿನವರು ಕೇಳುತ್ತಾರೆ. ಕಾಣುವವರೆಗೆ ಯಾರೂ ಅಲ್ಲಿಂದ ಸರಿಯುವುದಿಲ್ಲ.

ಸ್ಥಳಪುರಾಣ ಇನ್ನೂ ಅರ್ಥಪೂರ್ಣವಾಗಿದೆ. ಹಾವಿಗೂ ಗರುಡನಿಗೂ ಹುಟ್ಟಾ ಹಗೆ. ಸುಬ್ರಹ್ಮಣ್ಯ ಇಲ್ಲಿ ಸರ್ಪರೂಪಿ, ಗರುಡನಾದರೋ ವಿಷ್ಣುವಿನ ವಾಹನ. ಗರುಡನ ಬಾಧೆಯಿಂದ ನಾಗಕುಲವನ್ನು ಕಾಯಬೇಕೆಂಬ ಪ್ರಾರ್ಥನೆಗೆ ಓಗೊಟ್ಟು ನರಸಿಂಹ ಇಲ್ಲಿ ಸುಬ್ರಹ್ಮಣ್ಯನೊಂದಿಗೆ ನೆಲೆಸಿದ ಎನ್ನುತ್ತಾರೆ. ಈ ಕಥೆಯಲ್ಲಿ ಹಾವು ಹಾವಾಗಿಯೇ ಉಳಿಯಿತು. ನಿನ್ನ ಹೆಡೆಯನ್ನು ಬಿಟ್ಟು ರೆಕ್ಕೆ ಕಟ್ಟಿಕೊಂಡು ಬಾ ಎಂದು ಅದಕ್ಕೆ ಯಾರೂ ಹೇಳಲಿಲ್ಲ. ಬಲ ಯಾರ ಕಡೆಗಿತ್ತೋ ಆ ಕಡೆಯ ಒಡೆಯನೇ ಬಂದು ಅಂಜಿದವರ ಬೆನ್ನಿಗೆ ಬೆನ್ನುಕೊಟ್ಟು ನಿಂತ. ಭಿನ್ನರಾದವರ ನಡುವೆ ಸಾಮರಸ್ಯ ಬೇಕೆಂದಾಗ ಮೊದಲ ಹೆಜ್ಜೆ ಯಾರದಾಗಿರಬೇಕು ಎಂಬ ಪ್ರಶ್ನೆಗೆ ನಮ್ಮ ಘಾಟಿಯ ಕಥೆ ಸ್ಪಷ್ಟವಾಗಿ ಉತ್ತರ ಹೇಳುತ್ತದೆ. ಸಂಖ್ಯೆಯಲ್ಲಿ, ಹಣದಲ್ಲಿ, ಅಧಿಕಾರದಲ್ಲಿ ಯಾರು ದೊಡ್ಡವರೋ ಅವರದು.

ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ಸುಮಾರಿಗೆ ಅಲ್ಲಿ ಸೇರುವ ದನಗಳ ಜಾತ್ರೆಯನ್ನು ನೆನೆಯಿರಿ. ಹಳ್ಳಿಕಾರ್ ಎತ್ತುಗಳ ಹಲ್ಲು ನೋಡಿ ವ್ಯಾಪಾರ ಕುದುರಿಸುವಾಗ ಯಾರೂ ಯಾರ ಜಾತಿಯನ್ನೂ ಕೇಳುವುದಿಲ್ಲ. ನಮ್ಮ ರೇಷ್ಮೆಯ ಕಥೆಯೂ ಹಾಗೆಯೇ. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ಒಂದು ಜನ. ವಿಜಯಪುರ, ಶಿಡ್ಲಘಟ್ಟಗಳಲ್ಲಿ ಬಿಸಿನೀರಿನ ಬಾನಿಯ ಮುಂದೆ ಕುಳಿತು ಗೂಡಿನಿಂದ ನೂಲು ಬಿಚ್ಚುವವರಲ್ಲಿ ಬಹುಪಾಲು ಮುಸ್ಲಿಮರು. ನಮ್ಮೂರಿನ ಮಗ್ಗಗಳಲ್ಲಿ ನೇಯುವವರು ದೇವಾಂಗರು, ಪದ್ಮಶಾಲಿಗಳು, ಇನ್ನೂ ಹಲವರು. ಆ ಸೀರೆ ಕೊನೆಗೆ ಯಾವುದೋ ಮದುವೆಯ ಧಾರೆಗೆ ಹೋಗುತ್ತದೆ, ಯಾವುದೋ ಅಮ್ಮನವರ ಉಡಿಗೆ ಸೇರುತ್ತದೆ. ಒಂದು ಸೀರೆಗೆ ಇಷ್ಟು ಜನರ ಬೆರಳು ತಾಗಿದೆ ಎಂದು ನಾವು ಹೆಮ್ಮೆಪಡುತ್ತೇವೆ.

ಹೆಮ್ಮೆ ಸರಿಯೇ. ಆದರೆ ವ್ಯಾಪಾರದಲ್ಲಿ ಹೊಂದಿಕೊಳ್ಳುವುದು ಬೇರೆ, ಮನಸ್ಸಿನಲ್ಲಿ ಜಾಗ ಕೊಡುವುದು ಬೇರೆ. ನೂಲು ಕೊಟ್ಟವರ ಮನೆಯ ಮದುವೆಗೆ ನಾವು ಹೋಗುತ್ತೇವೆಯೇ? ಹೋದರೆ ಉಣ್ಣುತ್ತೇವೆಯೇ? ಅವರ ಮನೆಯಲ್ಲಿ ಸಾವಾದರೆ ಆ ಬೀದಿಗೆ ಹೋಗಿ ಕೂರುತ್ತೇವೆಯೇ? ಮಾರುಕಟ್ಟೆ ನಮ್ಮನ್ನು ಹತ್ತಿರ ತರುತ್ತದೆ. ಅಲ್ಲಿಂದ ಮುಂದಿನ ದಾರಿಯನ್ನು ನಾವೇ ನಡೆಯಬೇಕು. ಅಧ್ಯಾತ್ಮದ ಕೆಲಸ ಶುರುವಾಗುವುದು ಅಲ್ಲಿಂದ.

ಕನ್ನಡದಲ್ಲಿ ಈ ದಾರಿಯನ್ನು ದಿಟ್ಟವಾಗಿ ನಡೆದವರು ಶರಣರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸೇರಿದವರ ಹೆಸರುಗಳನ್ನು ಒಮ್ಮೆ ಕೇಳಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಆಯ್ದಕ್ಕಿ ಲಕ್ಕಮ್ಮ. ಶರಣರು ತಮಗಿಂತ ಹಿಂದಿನ ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ನೆನೆದರು. ಜೇಡರ ದಾಸಿಮಯ್ಯನನ್ನು ಆದ್ಯನೆಂದು ಗೌರವಿಸಿದರು. ಕಸುಬಿನ ಹೆಸರನ್ನು ಇವರಾರೂ ಅಳಿಸಿಕೊಳ್ಳಲಿಲ್ಲ. ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ದೋಣಿ ನಡೆಸುವವನು ದೋಣಿಯ ಮಾತಿನಲ್ಲೇ ದೇವರನ್ನು ಕಂಡ, ಬಟ್ಟೆ ಒಗೆಯುವವನು ಮಡಿಯ ಮಾತಿನಲ್ಲೇ ಕಂಡ. ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಈ ಆಸೆ ನಮಗೇಕೆ ಎಂದು ತಿದ್ದಿದವಳು ಅವನ ಹೆಂಡತಿ ಲಕ್ಕಮ್ಮ. ಶರಣರು ಕಿತ್ತೆಸೆದದ್ದು ಕಸುಬನ್ನಲ್ಲ, ಕಸುಬಿನ ಮೇಲೆ ಹೇರಿದ್ದ ಮೈಲಿಗೆಯನ್ನು.

ಅದಕ್ಕೆ ತೆತ್ತ ಬೆಲೆ ನಮಗೆ ಗೊತ್ತಿದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾಯಿತು. ಒಬ್ಬರು ಚಮ್ಮಾರಿಕೆಯ ಮನೆಯವರು, ಇನ್ನೊಬ್ಬರು ಬ್ರಾಹ್ಮಣ ಕುಲದವರು. ಬಿಜ್ಜಳನ ಆಳ್ವಿಕೆಯಲ್ಲಿ ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದೂ ಶರಣರು ಕಲ್ಯಾಣ ಬಿಟ್ಟು ಚದುರಿದರೆಂದೂ ಪರಂಪರೆ ಹೇಳುತ್ತದೆ. ಒಟ್ಟಿಗೆ ಕೂತು ಶಿವಾನುಭವ ಮಾತಾಡುವವರೆಗೆ ಸಹಿಸಿದ ಸಮಾಜ, ಮಾತು ಮನೆಯೊಳಗೆ ಬಂದಾಗ ಕತ್ತಿ ಹಿಡಿಯಿತು. ಎಂಟು ಶತಮಾನಗಳ ಮೇಲೂ ಆ ಗೆರೆ ಹೆಚ್ಚುಕಡಿಮೆ ಅಲ್ಲೇ ಇದೆ. ಜಾತಿ ಮೀರಿ ಮದುವೆಯಾದ ಮಕ್ಕಳು ಊರಿಗೆ ಬರಲು ಅಂಜುವುದನ್ನು ನಾವು ಇಂದಿಗೂ ನೋಡುತ್ತಿದ್ದೇವೆ.

ಇಲ್ಲಿ ನಮ್ಮೂರಿನ ಒಬ್ಬ ಚಿಂತಕರನ್ನು ನೆನೆಯದೆ ಮುಂದೆ ಹೋಗಲಾರೆ. ಡಿ. ಆರ್. ನಾಗರಾಜ್ 1954ರಲ್ಲಿ ಇದೇ ದೊಡ್ಡಬಳ್ಳಾಪುರದಲ್ಲಿ ನೇಕಾರರ ಮನೆಯಲ್ಲಿ ಹುಟ್ಟಿದರು. ‘ಅಮೃತ ಮತ್ತು ಗರುಡ’ದಿಂದ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ಯವರೆಗೆ ಅವರು ಬರೆದದ್ದು ಕನ್ನಡ ವಿಮರ್ಶೆಯ ದಿಕ್ಕನ್ನೇ ಬದಲಿಸಿತು. 1998ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ‘ಸಾಹಿತ್ಯ ಕಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಇರಲಿಲ್ಲ.

ಅವರು 1993ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ದಿ ಫ್ಲೇಮಿಂಗ್ ಫೀಟ್’ ಎಂಬ ಪುಸ್ತಕದಲ್ಲಿ ಗಾಂಧಿ ಮತ್ತು ಅಂಬೇಡ್ಕರರ ಮುಖಾಮುಖಿಯನ್ನು ಕುರಿತ ಒಂದು ಪ್ರಬಂಧವಿದೆ. ಅಸ್ಪೃಶ್ಯತೆಯನ್ನು ಗಾಂಧೀಜಿ ಸವರ್ಣೀಯರ ಆತ್ಮಕ್ಕೆ ಅಂಟಿದ ಪಾಪವೆಂದು ಕಂಡರು. ಅದನ್ನು ತೊಳೆದುಕೊಳ್ಳಬೇಕಾದವರು ಅವರೇ, ಆದ್ದರಿಂದ ಬೇಕಾದದ್ದು ಆತ್ಮಶುದ್ಧಿ ಎಂದರು. ಅಂಬೇಡ್ಕರರು ಅದನ್ನು ಹಕ್ಕಿನ, ಘನತೆಯ ಪ್ರಶ್ನೆಯಾಗಿ ಕಂಡರು. 1927ರಲ್ಲಿ ಮಹಾಡದ ಕೆರೆಗಿಳಿದು ಬೊಗಸೆ ನೀರು ಕುಡಿದವರು ಅವರು. ಯಾರದೋ ಮನಸ್ಸು ಶುದ್ಧವಾಗುವವರೆಗೆ ದಲಿತರು ಕಾಯಬೇಕಾಗಿಲ್ಲ, ಬೇಕಾದದ್ದು ಆತ್ಮಗೌರವ ಎಂಬುದು ಅವರ ನಿಲುವು. 1932ರ ಪುಣೆ ಒಪ್ಪಂದದ ಹೊತ್ತಿಗೆ ಇಬ್ಬರೂ ಎದುರಾಬದುರಾದರು. ನಾಗರಾಜರ ಒಳನೋಟವೆಂದರೆ, ಆ ಜಟಾಪಟಿಯಿಂದ ಇಬ್ಬರೂ ಮೊದಲಿನಂತೆ ಹೊರಬರಲಿಲ್ಲ, ಒಬ್ಬರು ಇನ್ನೊಬ್ಬರನ್ನು ಬದಲಿಸಿದರು ಎಂಬುದು. ಗಾಂಧಿ ಅಂಬೇಡ್ಕರರಿಂದ ಕಲಿಯಬೇಕಾಯಿತು. ಮುಂದೆ 1956ರಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧಧರ್ಮಕ್ಕೆ ನಡೆದ ಅಂಬೇಡ್ಕರರು, ಮನುಷ್ಯನಿಗೆ ಹಕ್ಕಿನ ಜೊತೆಗೆ ಧರ್ಮವೂ ಬೇಕೆಂಬುದನ್ನು ತಮ್ಮ ರೀತಿಯಲ್ಲೇ ಸಾರಿದರು.

ಈ ದತ್ತಿಯ ವಿಷಯಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಗೊತ್ತಿಲ್ಲ. ಭಿನ್ನತೆಯನ್ನು ಒಪ್ಪಿಕೊಳ್ಳುವ ಬಗ್ಗೆ ಮಾತಾಡುವವರೆಲ್ಲ ಸಾಮಾನ್ಯವಾಗಿ ಒಪ್ಪಿಕೊಳ್ಳುವ ಜಾಗದಲ್ಲಿ ಕೂತಿರುತ್ತಾರೆ. ‘ನಾನು ನಿಮ್ಮನ್ನು ಒಪ್ಪಿಕೊಂಡಿದ್ದೇನೆ’ ಎನ್ನುವಾಗಲೂ ಅವರ ಪೀಠ ಎತ್ತರದಲ್ಲೇ ಇರುತ್ತದೆ. ಹೊರಗೆ ನಿಂತವರಿಗೆ ಬೇಕಾದದ್ದು ಕೃಪೆಯಲ್ಲ. ಒಳಗಿರುವವರಿಗೆ ಆತ್ಮಶುದ್ಧಿ ಬೇಕು, ಹೊರಗೆ ನಿಂತವರಿಗೆ ಆತ್ಮಗೌರವ ಬೇಕು. ಎರಡೂ ಒಂದೇ ಕಾಲಕ್ಕೆ ನಡೆಯಬೇಕು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಬಾಗಿಲು ತೆರೆಯಿರಿ ಎಂದು ಕಾನೂನು ಹೇಳಬಲ್ಲದು. ಬಂದವರನ್ನು ‘ಬನ್ನಿ, ಕೂತ್ಕೊಳ್ಳಿ’ ಎಂದು ಕರೆಯುವ ದನಿಯನ್ನು ಅದು ಕೊಡಲಾರದು.

ಇನ್ನೊಂದು ಭಿನ್ನತೆಯ ಕಡೆಗೆ ಬರೋಣ. ನಾವು ಮಾತಾಡಲು ಸಂಕೋಚಪಡುವ ವಿಷಯ. ಬೆಂಗಳೂರಿನ ಧರ್ಮರಾಯಸ್ವಾಮಿ ಕರಗದಂತೆಯೇ ನಮ್ಮ ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರಗಳಲ್ಲೂ ಕರಗ ನಡೆಯುತ್ತದೆ. ವ್ರತ ಹಿಡಿದ ಗಂಡಸು ಸೀರೆ ಉಟ್ಟು, ಬಳೆ ತೊಟ್ಟು, ಕುಂಕುಮವಿಟ್ಟು, ಮಲ್ಲಿಗೆಯ ರಾಶಿಯ ನಡುವೆ ಕರಗ ಹೊತ್ತು ರಾತ್ರಿಯಿಡೀ ಬೀದಿಗಳಲ್ಲಿ ಸಾಗುತ್ತಾನೆ. ಸುತ್ತ ಕತ್ತಿ ಹಿಡಿದ ವೀರಕುಮಾರರು. ಆ ಹೊತ್ತಿಗೆ ಅವನು ಗಂಡೋ ಹೆಣ್ಣೋ ಎಂದು ಯಾರೂ ಕೇಳುವುದಿಲ್ಲ. ಅವಳು ದ್ರೌಪದಿ, ಆದಿಶಕ್ತಿ. ಮನೆಮನೆಯ ಮುಂದೆ ನೀರು ಹಾಕಿ, ರಂಗೋಲಿ ಇಟ್ಟು, ಮಕ್ಕಳನ್ನು ಎತ್ತಿಕೊಂಡು ಕಾಯುತ್ತೇವೆ. ಬೆಂಗಳೂರಿನ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ತಿಗಳರು ಹೊತ್ತ ಕರಗವನ್ನು ದರ್ಗಾದವರು ಬರಮಾಡಿಕೊಳ್ಳುತ್ತಾರೆ.

ಮರುದಿನ ನೆಲಮಂಗಲದ ಟೋಲ್ ಬಳಿಯೋ ಬಸ್ ನಿಲ್ದಾಣದಲ್ಲೋ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವ ಒಬ್ಬರು ನಮ್ಮ ಮುಂದೆ ಕೈಚಾಚುತ್ತಾರೆ. ಅವರೂ ಸೀರೆ ಉಟ್ಟಿದ್ದಾರೆ, ಬಳೆ ತೊಟ್ಟಿದ್ದಾರೆ, ಮಲ್ಲಿಗೆ ಮುಡಿದಿದ್ದಾರೆ. ನಾವು ಕಾರಿನ ಗಾಜು ಏರಿಸುತ್ತೇವೆ. ರಾತ್ರಿ ಮುಗಿದ ಕೈ ಅದೇ. ದೇವರ ಉತ್ಸವದಲ್ಲಿ ಒಪ್ಪಿದ್ದನ್ನು ದೇವರ ಮಕ್ಕಳಲ್ಲಿ ಒಪ್ಪದಿದ್ದರೆ ನಮ್ಮ ಭಕ್ತಿ ಉತ್ಸವದ ರಾತ್ರಿಗೇ ಮುಗಿದಂತೆ.

ಹೊಸಪೇಟೆಯ ಸೀಮೆಯ ಮಂಜಮ್ಮ ಜೋಗತಿಯವರ ಬದುಕನ್ನು ಗಮನಿಸಿ. ಹುಡುಗನಾಗಿ ಹುಟ್ಟಿ, ಹೆಣ್ಣಿನ ನಡೆನುಡಿ ಮೂಡಿದಾಗ ಮನೆಯವರಿಗೆ ಬೇಡವಾದರು. ದೇವಿಗೆ ಮುತ್ತು ಕಟ್ಟಿಸಿಕೊಂಡರು, ಹೊಟ್ಟೆಗಾಗಿ ಭಿಕ್ಷೆ ಬೇಡಿದರು, ಸಾವಿನ ಬಾಗಿಲವರೆಗೂ ಹೋಗಿ ಬಂದರು. ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವ ಮುನ್ನ ರಾಷ್ಟ್ರಪತಿಯವರ ಎದುರು ನಿಂತು ಸೆರಗಿನಿಂದ ಅವರ ದೃಷ್ಟಿ ತೆಗೆದರು. ದೇಶದ ಪ್ರಥಮ ಪ್ರಜೆ ಅದನ್ನು ಸ್ವೀಕರಿಸಿದರು. ಅದು ಪ್ರಶಸ್ತಿ ಪಡೆಯುವವರ ಕೃತಜ್ಞತೆಯಲ್ಲ, ಹರಸುವವರ ಅಧಿಕಾರ. ಆತ್ಮಗೌರವ ಎಂದರೆ ಏನೆಂದು ನಾನು ಆ ದೃಶ್ಯವನ್ನು ನೋಡಿ ತಿಳಿದಿದ್ದೇನೆ.

ಅವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಆ ಹೆಸರು ನಮ್ಮನ್ನು ಜೇಡರ ದಾಸಿಮಯ್ಯನ ಕಡೆಗೆ ಕರೆದೊಯ್ಯುತ್ತದೆ. ಮುದನೂರಿನ ಆ ನೇಕಾರ, ಗಂಡು ಹೆಣ್ಣೆಂಬ ಗುರುತೆಲ್ಲ ದೇಹಕ್ಕೆ ಸೇರಿದ್ದು, ನಡುವೆ ಸುಳಿವ ಆತ್ಮಕ್ಕೆ ಅದು ಅಂಟುವುದಿಲ್ಲ ಎಂಬ ಅರಿವನ್ನು ಬಸವಣ್ಣನವರಿಗಿಂತಲೂ ಮೊದಲೇ ವಚನದಲ್ಲಿ ಇಟ್ಟಿದ್ದ. ಅವನ ಜಯಂತಿಯನ್ನು ನಾವು ಪ್ರತಿವರ್ಷ ಮೆರವಣಿಗೆ ಮಾಡಿ ಆಚರಿಸುತ್ತೇವೆ. ಆ ಮೆರವಣಿಗೆಯಲ್ಲಿ ನಮ್ಮ ತಾಲ್ಲೂಕಿನ ಲಿಂಗತ್ವ ಅಲ್ಪಸಂಖ್ಯಾತರೂ ನಡೆದರೆ ದಾಸಿಮಯ್ಯನಿಗೆ ನಿಜವಾದ ಗೌರವ ಸಲ್ಲುತ್ತದೆ ಎಂದು ನಾನು ಈ ವೇದಿಕೆಯಿಂದ ಕೈಮುಗಿದು ಕೇಳುತ್ತೇನೆ. ಸರ್ಕಾರಿ ನೇಮಕಾತಿಯಲ್ಲಿ ಅವರಿಗೆ ಶೇಕಡಾ 1ರ ಮೀಸಲಾತಿಯನ್ನು ದೇಶದಲ್ಲೇ ಮೊದಲು ಕೊಟ್ಟದ್ದು ನಮ್ಮ ಕರ್ನಾಟಕ, 2021ರಲ್ಲಿ. ರಾಜ್ಯ ಇಟ್ಟ ಹೆಜ್ಜೆಯನ್ನು ಬೀದಿಯೂ ಇಡಬೇಕು.

ಧರ್ಮದ ಭಿನ್ನತೆಗೆ ಬಂದರೆ ಶಿಶುನಾಳ ಷರೀಫರೂ ಅವರ ಗುರು ಕಳಸದ ಗೋವಿಂದಭಟ್ಟರೂ ನೆನಪಾಗುತ್ತಾರೆ. 1819ರಿಂದ 1889ರವರೆಗೆ ಬದುಕಿದ ಷರೀಫರು ಮುಸ್ಲಿಮ್ ಮನೆಯವರು. ಗುರು ವೈದಿಕ ಬ್ರಾಹ್ಮಣರು. ಎರಡೂ ಕಡೆಯವರು ಮುನಿದರು. ಗುರು ಶಿಷ್ಯನನ್ನು ತನ್ನ ಮತಕ್ಕೆ ಎಳೆಯಲಿಲ್ಲ. ಶಿಷ್ಯ ಗುರುವಿನ ಮುಂದೆ ತನ್ನ ಹೆಸರನ್ನು ಮುಚ್ಚಿಡಲಿಲ್ಲ. ಕಲಿಸಬೇಕಾದ್ದನ್ನು ಒಬ್ಬರು ಕಲಿಸಿದರು, ಕಲಿತದ್ದನ್ನು ಇನ್ನೊಬ್ಬರು ಹಾಡಿದರು. ಇಂದಿಗೂ ಷರೀಫರ ಗದ್ದುಗೆಗೆ ಎರಡೂ ಧರ್ಮದವರು ಬರುತ್ತಾರೆ. ನಮ್ಮ ಹೊಸಕೋಟೆ, ದೇವನಹಳ್ಳಿಯ ಮನೆಗಳಲ್ಲಿ ಪೂಜೆಗೊಳ್ಳುವ ಕೈವಾರದ ತಾತಯ್ಯನವರು ಬಳೆ ಮಾರುತ್ತಿದ್ದವರು. ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಆಡುವ ಈ ಸೀಮೆಗೆ ತಕ್ಕ ಸಂತರು ಅವರು.

ಮಾತಿನಲ್ಲಿ ಒಪ್ಪಿದ್ದನ್ನು ದಿನದಿನದ ವ್ಯವಸ್ಥೆಯಾಗಿ ಮಾಡಿದವರೂ ನಮ್ಮಲ್ಲಿದ್ದಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳನ್ನು ಜಾತಿ ಕೇಳದೆ ಸೇರಿಸಿಕೊಂಡು ಸಂಗೀತ ಕಲಿಸಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಆಶ್ರಮದ ಖರ್ಚಿಗೆ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. ಮಗುವಿಗೆ ಕಣ್ಣಿಲ್ಲ ಎಂದು ಮರುಗುತ್ತ ಕೂರದೆ ಅದರ ಕಿವಿಯನ್ನೂ ಕಂಠವನ್ನೂ ನಂಬಿದರು. ಅಂಗವಿಕಲತೆಯನ್ನು ನೋಡಬೇಕಾದ ರೀತಿ ಅದು.

ನೆಲಮಂಗಲದಿಂದ ತುಮಕೂರಿನ ದಾರಿ ಹಿಡಿದರೆ ಸಿದ್ಧಗಂಗಾ ಮಠ. ಶಿವಕುಮಾರ ಸ್ವಾಮೀಜಿಯವರು 1930ರಲ್ಲಿ ಸನ್ಯಾಸ ಸ್ವೀಕರಿಸಿದಂದಿನಿಂದ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಸಾವಿರಾರು ಮಕ್ಕಳು ಸಾಲಾಗಿ ಕೂತು ಮುದ್ದೆ ಸಾರು ಉಣ್ಣುವ ಆ ಪಂಕ್ತಿಯಲ್ಲಿ ಪಕ್ಕದವನ ಜಾತಿ ಯಾವುದು, ಧರ್ಮ ಯಾವುದು ಎಂದು ಕೇಳಲು ಸಮಯವೂ ಇರುವುದಿಲ್ಲ, ಕಾರಣವೂ ಇರುವುದಿಲ್ಲ. ಹತ್ತು ವರ್ಷ ಹಾಗೆ ಉಂಡ ಹುಡುಗನಿಗೆ ಸಮಾನತೆಯ ಬಗ್ಗೆ ಭಾಷಣ ಬೇಕಾಗಿಲ್ಲ. ಅದು ಅವನ ಅಭ್ಯಾಸವಾಗಿರುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ‘ಎಲ್ಲರನ್ನೂ ಒಪ್ಪುತ್ತ ಹೋದರೆ ನಮ್ಮ ಆಚಾರ, ನಮ್ಮ ನಂಬಿಕೆ ಉಳಿಯುತ್ತವೆಯೇ?’ ಎಂದು ಹಲವರು ಕೇಳುತ್ತಾರೆ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಗೋವಿಂದಭಟ್ಟರು ಕೊನೆಯವರೆಗೂ ಗೋವಿಂದಭಟ್ಟರೇ ಆಗಿದ್ದರು. ಶಿವಕುಮಾರ ಸ್ವಾಮೀಜಿಯವರ ಇಷ್ಟಲಿಂಗ ಪೂಜೆ ಒಂದು ದಿನವೂ ತಪ್ಪಲಿಲ್ಲ ಎನ್ನುತ್ತಾರೆ. ತಮ್ಮ ಬೇರನ್ನು ಬಲ್ಲವರು ಬೇರೆಯವರಿಗೆ ಅಂಜುವುದಿಲ್ಲ. ನಂಬಿಕೆ ಸಡಿಲವಾದಾಗಲೇ ಅದಕ್ಕೆ ಬೇಲಿ ಬೇಕೆನಿಸುವುದು. ಇನ್ನು ಯಾವ ಆಚಾರ ಇನ್ನೊಬ್ಬರನ್ನು ಹೊರಗಿಟ್ಟರೆ ಮಾತ್ರ ಉಳಿಯುತ್ತದೆಯೋ ಅದು ಹೋಗುವುದೇ ಒಳ್ಳೆಯದು.

ಇಂದು ನಮ್ಮ ಜಿಲ್ಲೆಯ ಮುಂದೆ ಹೊಸ ಪರೀಕ್ಷೆ ಇದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ಹೊಸಕೋಟೆಗಳಲ್ಲಿ ಕಾರ್ಖಾನೆಗಳು ಬೆಳೆದ ಮೇಲೆ, ಒಡಿಶಾ, ಬಿಹಾರ, ಅಸ್ಸಾಮಿನಿಂದಲೂ ಉತ್ತರ ಕರ್ನಾಟಕದಿಂದಲೂ ದುಡಿಯುವ ಜನ ಬಂದಿದ್ದಾರೆ. ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ನೋಡಿ ಬರುವವರಿಗೆ ನಮ್ಮ ಮೊದಲ ಪ್ರಶ್ನೆ ‘ನೀವು ಯಾವ ಜನ?’ ಎರಡನೆಯದು ‘ಮಾಂಸ ತಿಂತೀರಾ?’ ಹೆಸರು ಕೇಳಿದ ಮೇಲೆ ‘ಮನೆ ಆಗ್ಲೇ ಕೊಟ್ಟಾಯ್ತು’ ಎನ್ನುವವರೂ ಇದ್ದಾರೆ. ದೇವರ ಮನೆಯಲ್ಲಿ ದೀಪ ಹಚ್ಚಿಟ್ಟು ಬಂದು ಬಾಗಿಲಲ್ಲಿ ನಿಂತು ಈ ಮಾತು ಆಡುತ್ತೇವೆ. ನಮ್ಮ ಅಧ್ಯಾತ್ಮದ ಪರೀಕ್ಷೆ ನಡೆಯುವುದು ಆ ಬಾಗಿಲಲ್ಲಿ.

ಆದ್ದರಿಂದ ನಾಲ್ಕು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ. ಬಾಡಿಗೆಗೆ ಬಂದವರನ್ನು ಬಾಡಿಗೆಯ ಬಗ್ಗೆ ಮಾತ್ರ ಕೇಳೋಣ. ನಮ್ಮ ಗುಡಿ, ಮಸೀದಿ, ಚರ್ಚುಗಳ ಸಮಿತಿಯಲ್ಲಿರುವವರು ಗಾಲಿಕುರ್ಚಿ ಒಳಬರುವಂತೆ ಇಳಿಜಾರು ದಾರಿ ಮಾಡಿಸೋಣ. ದಾಸೋಹವಿರುವ ಕಡೆ ಪಂಕ್ತಿ ಒಂದೇ ಇರುವಂತೆ, ಲೋಟ ತಟ್ಟೆ ಒಂದೇ ಇರುವಂತೆ ನೋಡಿಕೊಳ್ಳೋಣ. ವಿದ್ಯಾರ್ಥಿಗಳೇ, ನಿಮ್ಮಂತಲ್ಲದ ಒಬ್ಬ ಸಹಪಾಠಿಯ ಮನೆಗೆ ಈ ವರ್ಷ ಹೋಗಿ, ಅವರ ಹಬ್ಬದ ಊಟ ಉಣ್ಣಿ, ಅವರ ದೇವರ ಕಥೆಯನ್ನು ಅವರ ಬಾಯಿಂದಲೇ ಕೇಳಿ, ನಂತರ ಅವರನ್ನು ನಿಮ್ಮ ಮನೆಗೆ ಕರೆಯಿರಿ. ಮನೆಯ ಹಿರಿಯರು ಒಪ್ಪದಿದ್ದರೆ ಜಗಳವಾಡಬೇಡಿ, ಬಿಡಲೂ ಬೇಡಿ. ವಿನಯದಿಂದ ಮತ್ತೆ ಮತ್ತೆ ಕೇಳಿ. ಹಿರಿಯರು ಬದಲಾಗುತ್ತಾರೆ. ನಾನು ಅದನ್ನು ಕಂಡಿದ್ದೇನೆ.

ದೇವರು ಒಬ್ಬನೇ ಎಂದು ನಂಬುವವರು, ಆ ಒಬ್ಬ ಇಷ್ಟು ಬಗೆಯ ಮನುಷ್ಯರನ್ನು ಮಾಡಿದ್ದು ಕೈತಪ್ಪಿ ಎಂದು ಹೇಳಲಾರರು. ದೇವರನ್ನು ನಂಬದವರು, ಮನುಷ್ಯನ ಘನತೆಯನ್ನು ನಂಬಿದ್ದರೆ ಸಾಕು. ಯಾವ ದಾರಿಯಿಂದ ಬಂದರೂ ಮಾಡಬೇಕಾದ ಕೆಲಸ ಒಂದೇ, ಅದನ್ನು ನಾಳೆಯೇ ನಮ್ಮ ನಮ್ಮ ಬೀದಿಯಿಂದ ಶುರು ಮಾಡಬಹುದು.